ಅಂಗಡಿ ಮುಚ್ಚಿತು, ಜೂಜು ಮುಚ್ಚಿಲ್ಲ

ಕಳೆದ ತಿಂಗಳು ಒಂದು ದಿನ ಅಸರ್ ನಮಾಝ್ ಮುಗಿಸಿ ಮದ್ರಸದ ಮೆಟ್ಟಿಲಲ್ಲಿ ನಿಂತಿದ್ದಾಗ ಜನ್ನಾಪುರದ ಒಬ್ಬ ತಾಯಿ ಬಂದರು. ಅವರ ಮಗನಿಗೆ ಅಲಿಫ್ ಬಾ ಹೇಳಿಕೊಟ್ಟವರು ನಾವೇ. ಈಗ ಅವನಿಗೆ 23 ವರ್ಷ, ಅಂಗಡಿಯೊಂದರಲ್ಲಿ ಕೆಲಸ. "ಉಸ್ತಾದರೇ, ಅವನು ಕುಡಿಯುವುದಿಲ್ಲ, ಸಿಗರೇಟು ಮುಟ್ಟುವುದಿಲ್ಲ, ರಾತ್ರಿ ಒಂಬತ್ತಕ್ಕೆಲ್ಲ ಮನೆಯಲ್ಲಿರುತ್ತಾನೆ. ಆದರೂ ನನ್ನ ನಾಲ್ಕು ಬಳೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲಿಲ್ಲ" ಅಂದರು.

ಬಳೆ ಹೋದದ್ದು ಗಿರವಿ ಅಂಗಡಿಗೆ. ಗಿರವಿಯ ದುಡ್ಡು ಹೋದದ್ದು ಮೊಬೈಲಿನೊಳಗೆ ಹಾರುವ ಒಂದು ವಿಮಾನಕ್ಕೆ. ವಿಮಾನ ಮೇಲೇರುತ್ತಾ ಹೋದಂತೆ ನೀವು ಹಾಕಿದ ಹಣ ಒಂದೂವರೆ ಪಟ್ಟು, ಎರಡು ಪಟ್ಟು, ಐದು ಪಟ್ಟು ಅಂತ ಏರುತ್ತದೆ. ಅದು ಮಾಯವಾಗುವ ಮೊದಲು ಬಟನ್ ಒತ್ತಿದರೆ ಅಷ್ಟೂ ನಿಮ್ಮದು, ಒಂದು ಕ್ಷಣ ತಡವಾದರೆ ಎಲ್ಲವೂ ಅವರದ್ದು. ಒಂದು ಸುತ್ತು ಮುಗಿಯಲು ಒಂದು ನಿಮಿಷವೂ ಬೇಡ. ಮುಗಿದ ಕೂಡಲೇ ಮುಂದಿನದು ಶುರು.

ಆ ತಾಯಿ ಕೇಳಿದ ಇನ್ನೊಂದು ಪ್ರಶ್ನೆಗೆ ಆ ಹೊತ್ತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. "ಸರಕಾರ ಇದನ್ನೆಲ್ಲ ಬಂದ್ ಮಾಡಿದೆ ಅಂತ ಟಿವಿಯಲ್ಲಿ ಬಂದಿತ್ತಲ್ಲ, ಮತ್ತೆ ಹೇಗೆ?" ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಟಿವಿಯಲ್ಲಿ ಬಂದದ್ದು ಸುಳ್ಳಲ್ಲ. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಅಂಗೀಕರಿಸಿದವು. 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಮೂರೇ ದಿನ. ಹಣ ಕಟ್ಟಿ ಹಣ ಗೆಲ್ಲುವ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಹಣ ವರ್ಗಾವಣೆಗೆ ದಾರಿ ಮಾಡಿಕೊಡುವ ಬ್ಯಾಂಕು, ಪೇಮೆಂಟ್ ಕಂಪನಿಗಳಿಗೂ ಶಿಕ್ಷೆ ಉಂಟು. ಆಡಿದವನಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಅವನು ಮೋಸ ಹೋದವನು ಎಂಬ ಲೆಕ್ಕ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸರಕಾರ ಆಗ ಕೊಟ್ಟ ಅಂದಾಜು ಇದು: 45 ಕೋಟಿ ಜನರಿಗೆ ಇಂಥ ಆಟಗಳಿಂದ ತೊಂದರೆಯಾಗಿದೆ, ವರ್ಷಕ್ಕೆ ಸುಮಾರು 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ. 45 ಕೋಟಿ ಅಂದರೆ ದೇಶದಲ್ಲಿ ಮೂವರಲ್ಲಿ ಒಬ್ಬರಾಯಿತು. ಈ ಸಂಖ್ಯೆ ನಮಗೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ಆದರೆ ಒಂದು ಮನೆಯ ನಾಲ್ಕು ಬಳೆ ಕಣ್ಣಾರೆ ಕಂಡವರಿಗೆ ಕೋಟಿಯ ಲೆಕ್ಕ ಬೇಕಾಗಿಲ್ಲ.

ಕಾಯ್ದೆ ಬಂದ ಕೂಡಲೇ ದೊಡ್ಡ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ 11 ಹೆಸರು ಹೋಯಿತು. ಒಂದು ರಮ್ಮಿ ಕಂಪನಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಹೋಯಿತು, ಬೇರೆ ರಾಜ್ಯಗಳಲ್ಲೂ ಅರ್ಜಿ ಬಿದ್ದವು, ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ತನ್ನ ಬಳಿಗೆ ತರಿಸಿಕೊಂಡಿತು.

ನಿಂತದ್ದು ಬೋರ್ಡು ಹಾಕಿಕೊಂಡಿದ್ದ ಅಂಗಡಿಗಳು. ಆ ಹುಡುಗ ಆಡುತ್ತಿದ್ದ ಆಟಕ್ಕೆ ನಮ್ಮ ದೇಶದಲ್ಲಿ ಬೋರ್ಡೂ ಇಲ್ಲ, ವಿಳಾಸವೂ ಇಲ್ಲ. ಸರ್ವರ್ ಇರುವುದು ಹೊರದೇಶದಲ್ಲಿ. ಒಂದು ಸೈಟ್ ಮುಚ್ಚಿದರೆ ಹೆಸರಿನ ಹಿಂದೆ ಒಂದು ಅಂಕಿ ಸೇರಿಸಿ ಇನ್ನೊಂದು ತೆರೆಯುತ್ತಾರೆ. ಅದರ ಲಿಂಕ್ ಟೆಲಿಗ್ರಾಂ ಗುಂಪಿನಲ್ಲಿ ಬರುತ್ತದೆ. ಪ್ಲೇಸ್ಟೋರಿನಲ್ಲಿ ಸಿಗದ ಆ್ಯಪನ್ನು ಯಾರೋ 'ಬ್ರೋ' ಕಳಿಸಿಕೊಡುತ್ತಾನೆ. ಮೊದಲ 500 ರೂಪಾಯಿ ಅವರೇ ಬೋನಸ್ ಅಂತ ಹಾಕುತ್ತಾರೆ. ನಮ್ಮ ಹುಡುಗ ಮೊದಲ ಎರಡು ದಿನದಲ್ಲಿ ನಿಜವಾಗಿಯೂ 3 ಸಾವಿರ ಗೆದ್ದಿದ್ದ. ಗೆದ್ದ ದುಡ್ಡಲ್ಲಿ ಉಮ್ಮನಿಗೆ ಒಂದು ಸೀರೆ, ತಂಗಿಗೆ ಚಪ್ಪಲಿ ತಂದಿದ್ದ. ಮನೆಯವರು ಓವರ್‌ಟೈಮ್ ದುಡ್ಡು ಅಂದುಕೊಂಡರು.

ಕರ್ನಾಟಕಕ್ಕೆ ಈ ಕತೆ ಹೊಸದಲ್ಲ. 2021ರ ಸೆಪ್ಟೆಂಬರ್‌ನಲ್ಲಿ ರಾಜ್ಯ ವಿಧಾನಮಂಡಲ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಆನ್‌ಲೈನ್ ಜೂಜನ್ನು ನಿಷೇಧಿಸಿತ್ತು. ಆಗ ಗೃಹ ಸಚಿವರಾಗಿದ್ದವರು ನಮ್ಮದೇ ಜಿಲ್ಲೆಯ ತೀರ್ಥಹಳ್ಳಿಯ ಆರಗ ಜ್ಞಾನೇಂದ್ರ. ಅಕ್ಟೋಬರ್ 5ರಿಂದ ಅದು ಜಾರಿಯಾಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅದೃಷ್ಟದ ಆಟ ಬೇರೆ, ಕೌಶಲ್ಯದ ಆಟ ಬೇರೆ. ಕೌಶಲ್ಯದ ಆಟ ನಡೆಸುವುದು ಒಂದು ವ್ಯಾಪಾರ, ಅದಕ್ಕೆ ಸಂವಿಧಾನದ ರಕ್ಷಣೆ ಇದೆ, ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು ಎಂದಿತು ನ್ಯಾಯಾಲಯ. ರಮ್ಮಿಯಲ್ಲಿ ಕೌಶಲ್ಯವೇ ಹೆಚ್ಚು ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿತ್ತು, ಆಮೇಲೆ ಕುದುರೆ ರೇಸಿಗೂ ಹಾಗೇ ಹೇಳಿತ್ತು. ಅಂದಹಾಗೆ ನಮ್ಮ ರಾಜ್ಯದ 2021ರ ತಿದ್ದುಪಡಿಯೇ ರೇಸ್‌ಕೋರ್ಸಿನಲ್ಲಿ ಕುದುರೆ ಮೇಲೆ ಕಟ್ಟುವ ಹಣಕ್ಕೆ ವಿನಾಯಿತಿ ಕೊಟ್ಟಿತ್ತು. ಶ್ರೀಮಂತರ ಜೂಜಿಗೆ ಒಂದು ಕಾನೂನು, ಬಡವನ ಓಸಿಗೆ ಇನ್ನೊಂದು ಎಂದು ಆಗ ಜನ ಆಡಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೇಂದ್ರದ 2025ರ ಕಾಯ್ದೆ ಆ ಗೊಂದಲವನ್ನೇ ಬದಿಗಿಟ್ಟಿದೆ. ಕೌಶಲ್ಯವೋ ಅದೃಷ್ಟವೋ, ಎರಡೂ ಸೇರಿದ್ದೋ ಎಂದು ಅದು ಕೇಳುವುದಿಲ್ಲ. ಹಣ ಕಟ್ಟಿ, ಹಣ ಬರುತ್ತದೆ ಎಂಬ ಆಸೆಯಿಂದ ಆಡುತ್ತೀರಾ? ಹಾಗಾದರೆ ಅದು ನಿಷಿದ್ಧ. ಸುಪ್ರೀಂ ಕೋರ್ಟ್ ಇದನ್ನು ಒಪ್ಪುತ್ತದೋ ಇಲ್ಲವೋ ಅದು ಬೇರೆ ಮಾತು. ಆದರೆ ಈ ಪ್ರಶ್ನೆ ಕೇಳುವ ರೀತಿ ಮದ್ರಸದಲ್ಲಿ ಫಿಕ್‌ಹ್ ಓದಿದವರಿಗೆ ಪರಿಚಿತ. ನಮ್ಮ ಶಾಫಿಈ ಕಿತಾಬುಗಳಲ್ಲಿ ಪಂದ್ಯದ ಅಧ್ಯಾಯ ತೆರೆದು ನೋಡಿ. ಅಲ್ಲಿ ಕೇಳುವುದು ಆಟಗಾರನಿಗೆ ಬುದ್ಧಿ ಎಷ್ಟು ಎಂದಲ್ಲ, ಬಹುಮಾನದ ಹಣ ಯಾರ ಕಿಸೆಯಿಂದ ಬಂತು ಎಂದು. ಇಬ್ಬರೂ ಹಣ ಇಟ್ಟು ಗೆದ್ದವನು ಎತ್ತಿಕೊಂಡು ಹೋಗುವುದಾದರೆ ಅದು ಖಿಮಾರ್, ಅಂದರೆ ಜೂಜು. ಆಡುವವರಲ್ಲದ ಮೂರನೆಯವರು ಬಹುಮಾನ ಕೊಟ್ಟರೆ ಅದರ ಹುಕುಂ ಬೇರೆ. ಎಷ್ಟೇ ಜಾಣನಾಗಿರಲಿ, ಎದುರಿನವನ ನಷ್ಟವೇ ಅವನ ಲಾಭವಾದರೆ ಜಾಣತನದ ಹೆಸರು ಹೇಳಿ ಪಾರಾಗುವಂತಿಲ್ಲ.

ಹೀಗೆ ಬರೆದು ಸುಮ್ಮನಾದರೆ ನಮ್ಮ ಬೆನ್ನು ನಾವೇ ತಟ್ಟಿಕೊಂಡ ಹಾಗಾಗುತ್ತದೆ. ಪ್ರತಿ ಬೇಸಿಗೆಯಲ್ಲಿ ನಮ್ಮ ಹುಡುಗರು ನಡೆಸುವ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾವಳಿ ನೆನಪಿಸಿಕೊಳ್ಳಿ. ಭದ್ರಾವತಿಯಲ್ಲೂ ಇದೆ, ಶಿವಮೊಗ್ಗದಲ್ಲೂ ಇದೆ, ಮಂಗಳೂರು ಕಡೆ ಕೇಳುವುದೇ ಬೇಡ. ಒಂದೊಂದು ತಂಡದಿಂದ ಇಂತಿಷ್ಟು ಪ್ರವೇಶ ಶುಲ್ಕ, ಅದೇ ಹಣದಿಂದ ಮೊದಲ ಬಹುಮಾನ, ಎರಡನೇ ಬಹುಮಾನ. ಬ್ಯಾನರಿನಲ್ಲಿ ಜಮಾಅತ್‌ನ ಹಿರಿಯರ ಫೋಟೊ. ಉದ್ಘಾಟನೆಗೆ ನಮ್ಮಂಥವರನ್ನೂ ಕರೆದು ದುಆ ಮಾಡಿಸುತ್ತಾರೆ. ನಾವೂ ಹೋಗಿ ದುಆ ಮಾಡಿ ಚಹಾ ಕುಡಿದು ಬಂದಿದ್ದೇವೆ. ಬಹುಮಾನದ ಹಣ ಎಲ್ಲಿಂದ ಎಂದು ಒಂದು ಸಲವೂ ಕೇಳಿರಲಿಲ್ಲ. ಶುಲ್ಕ ಮೈದಾನದ ಬಾಡಿಗೆಗೆ, ಚೆಂಡಿಗೆ, ಲೈಟಿಗೆ ಹೋಗಿ, ಬಹುಮಾನವನ್ನು ಯಾರೋ ಒಬ್ಬ ವ್ಯಾಪಾರಿ ಕೊಟ್ಟರೆ ತಕರಾರೇ ಇಲ್ಲ. ಆದರೆ ಅಷ್ಟು ಸಣ್ಣ ವ್ಯತ್ಯಾಸವನ್ನು ನಾವು ಹುಡುಗರಿಗೆ ಹೇಳಿಕೊಟ್ಟಿಲ್ಲ. ಹದಿನಾಲ್ಕು ವರ್ಷದವನು ಮೈದಾನದಲ್ಲಿ 100 ರೂಪಾಯಿ ಪಟ್ಟಿ ಹಾಕಿ 'ಗೆದ್ದರೆ 1,000' ಎಂದು ಕಲಿಯುತ್ತಾನೆ. ಹದಿನೆಂಟಕ್ಕೆ ಅದೇ 100 ರೂಪಾಯಿಯನ್ನು ಮೊಬೈಲಿನಲ್ಲಿ ಹಾಕುವಾಗ ಅವನಿಗೆ ಯಾವ ಗಡಿ ದಾಟಿದ ಹಾಗೂ ಅನ್ನಿಸುವುದಿಲ್ಲ. ಕೇಳಿದರೆ "ಇದು ಸ್ಕಿಲ್ ಉಸ್ತಾದ್, ಕೋರ್ಟೇ ಹೇಳಿದೆ" ಎನ್ನುತ್ತಾನೆ.

ಭದ್ರಾವತಿಯ ಹಳಬರಿಗೆ ಓಸಿ ಗೊತ್ತು. ಒಂದು ಕಾಲಕ್ಕೆ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡರ ಸಂಬಳವೂ ಒಟ್ಟಿಗೆ ಊರಿಗೆ ಇಳಿಯುತ್ತಿತ್ತು. ದುಡ್ಡು ಇದ್ದಲ್ಲಿ ಚೀಟಿ ಬರೆಯುವವನೂ ಇರುತ್ತಾನೆ. ಬೀಡಾ ಅಂಗಡಿಯ ಪಕ್ಕದಲ್ಲಿ ನಿಂತು 00ಯಿಂದ 99ರೊಳಗೆ ಒಂದು ನಂಬರು ಹೇಳಿದರೆ ಸಣ್ಣ ಕಾಗದದಲ್ಲಿ ಬರೆದುಕೊಡುತ್ತಿದ್ದ. ಒಂದು ರೂಪಾಯಿಗೆ ಎಪ್ಪತ್ತು. ನೂರು ನಂಬರಿನಲ್ಲಿ ಬರುವುದು ಒಂದು, ಕೊಡುವುದು ಎಪ್ಪತ್ತು. ಉಳಿದ ಮೂವತ್ತು ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಲು ಪಿಯುಸಿ ಗಣಿತ ಬೇಡ, ನಮ್ಮ ಮದ್ರಸದ ಮೂರನೇ ತರಗತಿಯ ಮಕ್ಕಳು ಸಾಕು. ಪೊಲೀಸರು ಆಗಾಗ ಕಲಂ 78(3) ಹಾಕಿ ಒಂದಿಬ್ಬರನ್ನು ಹಿಡಿಯುತ್ತಿದ್ದರು, ಈಗಲೂ ಹಿಡಿಯುತ್ತಾರೆ, ಪೇಪರಿನಲ್ಲಿ ನಾಲ್ಕು ಸಾಲು ಬರುತ್ತದೆ. ಇನ್ನೊಂದು ಕಡೆ ಲಾಟರಿ. ಒಂದಂಕಿ ಲಾಟರಿಯಿಂದ ಮನೆಗಳು ಹಾಳಾದ ಮೇಲೆ 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ಲಾಟರಿ ನಿಂತಿತು. ಆ ನಿಷೇಧ ಇವತ್ತಿಗೂ ಇದೆ, ಅದರಿಂದ ಒಳ್ಳೆಯದಾಯಿತು ಎಂದು ಹೇಳಲು ನಮಗೆ ಸಂಕೋಚವಿಲ್ಲ.

ಆದರೆ ತಲಪಾಡಿ ದಾಟಿದರೆ ಕೇರಳ. ಅಲ್ಲಿ 1967ರಿಂದ ಸರಕಾರವೇ ಲಾಟರಿ ನಡೆಸುತ್ತಿದೆ. ಶುರು ಮಾಡಿದ ಹಣಕಾಸು ಸಚಿವರು ಪಿ.ಕೆ. ಕುಂಞು ಸಾಹೇಬರು ಎಂಬುದು ನಮ್ಮ ಸಮುದಾಯ ಅಷ್ಟಾಗಿ ಹೇಳಿಕೊಳ್ಳದ ವಿಷಯ. 2024ರ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯ ಒಬ್ಬರಿಗೆ ಬಂತು ಎಂಬ ಸುದ್ದಿ ನಮ್ಮ ಹುಡುಗರ ವಾಟ್ಸ್‌ಆ್ಯಪಿನಲ್ಲಿ ಎಷ್ಟು ಸಲ ತಿರುಗಿತು! ಬಾರದ ಲಕ್ಷಾಂತರ ಟಿಕೆಟುಗಳ ಸುದ್ದಿ ಯಾರೂ ಕಳಿಸಲಿಲ್ಲ.

ಓಸಿ, ಲಾಟರಿ ಒಳ್ಳೆಯದಿತ್ತು ಎಂದು ಯಾರೂ ಹೇಳುತ್ತಿಲ್ಲ. ಆದರೆ ಅವಕ್ಕೂ ಈಗಿನದ್ದಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು, ಅದನ್ನು ತಂದೆ ತಾಯಿಗಳು ಅರ್ಥ ಮಾಡಿಕೊಳ್ಳಬೇಕು. ಓಸಿ ಚೀಟಿ ಬರೆಸಿದವನು ನಂಬರು ಬರುವ ತನಕ ಕಾಯಬೇಕಿತ್ತು. ಆ ನಡುವೆ ಅವನು ಮನೆಗೆ ಹೋಗುತ್ತಿದ್ದ, ಊಟ ಮಾಡುತ್ತಿದ್ದ, ಮಗುವಿನ ಮುಖ ನೋಡುತ್ತಿದ್ದ, ಯಾರೋ ಬೈಯುತ್ತಿದ್ದರು. ಸೋತರೂ ಮರುದಿನದ ತನಕ ಕೈ ಕಟ್ಟಿ ಕೂರಬೇಕಿತ್ತು. ಕಿಸೆಯ ನೋಟು ಮುಗಿದರೆ ಆಟವೂ ಮುಗಿಯಿತು. ಮೊಬೈಲು ಆ ಕಾಯುವ ಹೊತ್ತನ್ನೇ ತೆಗೆದುಹಾಕಿದೆ. ಸೋತ ಕೋಪ ಆರುವ ಮೊದಲೇ ಮುಂದಿನ ವಿಮಾನ ಹೊರಟಿರುತ್ತದೆ. ಹಣ ನೋಟಿನ ರೂಪದಲ್ಲಿ ಕೈಯಿಂದ ಹೋಗುವುದಿಲ್ಲ, ಯುಪಿಐ ಪಿನ್‌ನ ಅಂಕಿಗಳಾಗಿ ಹೋಗುತ್ತದೆ. ಖಾತೆ ಖಾಲಿಯಾದರೆ ಅದೇ ಫೋನಿನಲ್ಲಿ ಸಾಲ ಕೊಡುವ ಆ್ಯಪು. ಮಲಗುವ ಕೋಣೆಯಲ್ಲಿ, ಹೊದಿಕೆಯ ಕೆಳಗೆ, ಫಜ್ರ್ ಬಾಂಗ್ ಆಗುವ ತನಕ ನಡೆಯುವ ಜೂಜಿಗೆ ವಾಸನೆಯಿಲ್ಲ, ಸದ್ದಿಲ್ಲ.

ಹುಡುಗರೇ ಇದಕ್ಕೆ ಹೆಚ್ಚು ಬೀಳುವುದು ಯಾಕೆ? ಮಿದುಳಿನಲ್ಲಿ ಹಿಂದೆ ಮುಂದೆ ನೋಡಿ ತಡೆಯುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹತ್ತಿರಕ್ಕೆ ಎನ್ನುತ್ತಾರೆ ವೈದ್ಯರು. ಆಸೆ ಹುಟ್ಟಿಸುವ ಭಾಗ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಚುರುಕಾಗಿರುತ್ತದೆ. ಗಾಡಿಗೆ ಎಂಜಿನ್ ಬಂದಿದೆ, ಬ್ರೇಕ್ ಇನ್ನೂ ಫಿಟ್ ಆಗುತ್ತಿದೆ. ಅಂಥವನ ಕೈಗೆ ಯಾವಾಗ ಗೆಲುವು ಬರುತ್ತದೆ ಎಂದು ಗೊತ್ತಾಗದ ಆಟ ಕೊಟ್ಟರೆ ಬಿಡುವುದು ಕಷ್ಟ. ಹತ್ತು ಸಲ ಸೋತು ಹನ್ನೊಂದನೆಯದಕ್ಕೆ ಗೆದ್ದರೆ ಮನಸ್ಸು ಹನ್ನೊಂದನೆಯದನ್ನೇ ನೆನಪಿಟ್ಟುಕೊಳ್ಳುತ್ತದೆ. 'ಸ್ವಲ್ಪದರಲ್ಲೇ ತಪ್ಪಿತು' ಎಂಬ ಸೋಲು ಇನ್ನೂ ಅಪಾಯ, ಅದು ಸೋಲಿನ ಹಾಗೆ ಕಾಣುವುದೇ ಇಲ್ಲ. ಆಮೇಲೆ ಶುರುವಾಗುವುದು ಕಳೆದದ್ದನ್ನು ವಾಪಸ್ ತರುವ ಓಟ. ನಮ್ಮ ಹುಡುಗ ಹೇಳಿದ್ದೂ ಅದೇ: "ಕೊನೆಗೆ ನನಗೆ ಗೆಲ್ಲಬೇಕು ಅಂತ ಇರಲಿಲ್ಲ ಉಸ್ತಾದ್. ಉಮ್ಮನ ಬಳೆಯ ದುಡ್ಡು ಒಮ್ಮೆ ವಾಪಸ್ ಬಂದರೆ ಡಿಲೀಟ್ ಮಾಡುತ್ತೇನೆ ಅಂತ ಇತ್ತು." ಮೊದಲು ಒಂದು ಬಳೆ ಇಟ್ಟಿದ್ದ. ಅದನ್ನು ಬಿಡಿಸಲು ಎರಡನೆಯದು ಇಟ್ಟ.

ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವನ್ನು ಕುಡಿತ, ಮಾದಕ ವಸ್ತುಗಳ ಸಾಲಿನಲ್ಲೇ ಇಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೆಂದೇ 'ಶಟ್' ಎಂಬ ಕ್ಲಿನಿಕ್ 2014ರಿಂದ ಇದೆ. ಇದನ್ನು ಓದಿ ಕೆಲವರು, "ಹಾಗಾದರೆ ಉಸ್ತಾದರು ಇದನ್ನು ರೋಗ ಅಂತ ಹೇಳಿ ಗುನಾಹ್ ಅಲ್ಲ ಅನ್ನುತ್ತಿದ್ದಾರಾ?" ಎಂದು ಕೇಳಬಹುದು. ಅಲ್ಲ. ಕುಡಿತ ಹರಾಮ್, ಕುಡಿತದ ಚಟಕ್ಕೆ ಔಷಧವೂ ಉಂಟು. ಒಂದು ಇದೆ ಅಂತ ಇನ್ನೊಂದು ಇಲ್ಲವಾಗುವುದಿಲ್ಲ.

ಕುರ್‌ಆನ್ ಈ ವಿಷಯ ಹೇಳುವ ಕ್ರಮವನ್ನೇ ನೋಡಿ. ಸೂರಃ ಅಲ್ ಬಖರದ 219ನೇ ಆಯತ್‌ನಲ್ಲಿ ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಲಾಭಗಳೂ ಇವೆ, ಆದರೆ ಪಾಪ ಲಾಭಕ್ಕಿಂತ ದೊಡ್ಡದು ಎಂಬರ್ಥದ ಮಾತಿದೆ. ಜೂಜಿನಲ್ಲಿ ಎಂಥ ಲಾಭ? ತಫ್ಸೀರ್‌ಗಳಲ್ಲಿ ವಿವರ ಇದೆ. ಅರಬರು ಒಂಟೆ ಕೊಯ್ದು ಪಾಲು ಮಾಡಿ, ಹತ್ತು ಬಾಣಗಳನ್ನು ಚೀಲಕ್ಕೆ ಹಾಕಿ ಒಂದೊಂದಾಗಿ ಎತ್ತುತ್ತಿದ್ದರು. ಏಳು ಬಾಣಗಳಿಗೆ ಪಾಲು, ಮೂರಕ್ಕೆ ಏನೂ ಇಲ್ಲ. ಬರಿ ಬಾಣ ಬಂದವರು ಒಂಟೆಯ ಬೆಲೆ ಕೊಡಬೇಕು. ಗೆದ್ದವರು ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚುತ್ತಿದ್ದರು, ಅದು ಅವರಿಗೆ ಹೆಮ್ಮೆ. ಅಂದರೆ ಬಡವರ ಹೊಟ್ಟೆ ತುಂಬಿಸುತ್ತಿದ್ದ ಜೂಜನ್ನೇ ಅಲ್ಲಾಹನು ನಿಷೇಧಿಸಿದ್ದು. ಸೂರಃ ಅಲ್ ಮಾಇದದ 90 ಮತ್ತು 91ರಲ್ಲಿ ಕಾರಣವೂ ಇದೆ: ಶೈತಾನನು ಅದರ ಮೂಲಕ ನಿಮ್ಮ ನಡುವೆ ಹಗೆ ಹುಟ್ಟಿಸಿ ನಮಾಝಿನಿಂದ ತಡೆಯುತ್ತಾನೆ ಎಂಬುದು ಅದರ ಸಾರ.

ಈಗ ನಮ್ಮ ಕಾಲಕ್ಕೆ ಬನ್ನಿ. ಉದ್ಯೋಗ ಕೊಡುತ್ತೇವೆ, ಕ್ರಿಕೆಟ್‌ಗೆ ಪ್ರಾಯೋಜಕರಾಗುತ್ತೇವೆ, ತೆರಿಗೆ ಕಟ್ಟುತ್ತೇವೆ ಎಂದು ಕಂಪನಿಗಳು ಹೇಳಿದವು. ಸುಳ್ಳಲ್ಲ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಇತ್ತು, ಸರಕಾರವೂ ಎರಡು ವರ್ಷ ಈ ಹಣ ಎಣಿಸಿಕೊಂಡೇ ನಿಷೇಧಕ್ಕೆ ಬಂತು. ಊರಿನಲ್ಲೂ ಅಷ್ಟೇ. ಬೆಟ್ಟಿಂಗ್ ದುಡ್ಡಿನವನು ಟೂರ್ನಮೆಂಟಿಗೆ ಟ್ರೋಫಿ ಕೊಡುತ್ತಾನೆ, ಬಡ ಹುಡುಗಿಯ ಮದುವೆಗೆ ಐವತ್ತು ಸಾವಿರ ಕೊಡುತ್ತಾನೆ. ಅವನ ಕಾರು ಬಂದರೆ ನಾವು ಎದ್ದು ನಿಲ್ಲುತ್ತೇವೆ. ಆ ಹಣ ಯಾರ ಮನೆಯ ಬಳೆ ಎಂದು ಕೇಳುವುದಿಲ್ಲ. ಪಕ್ಕದ ಚಿತ್ರದುರ್ಗದ ಶಾಸಕರೊಬ್ಬರನ್ನು 2025ರ ಆಗಸ್ಟ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಟ್ಟಿಂಗ್ ಪ್ರಕರಣದಲ್ಲಿ ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು, ಸುಮಾರು 12 ಕೋಟಿ ನಗದು ಸಿಕ್ಕಿತು ಎಂದಿತು. ಆರೋಪ ನಿಜವೋ ಅಲ್ಲವೋ ತೀರ್ಮಾನಿಸಬೇಕಾದದ್ದು ಕೋರ್ಟು. ನಾವು ಹೇಳುವುದು ಇಷ್ಟೇ, ಈ ದಂಧೆ ಎಲ್ಲೋ ದುಬೈನಲ್ಲಿ, ಮುಂಬೈನಲ್ಲಿ ಮಾತ್ರ ಇದೆ ಎಂದು ಯಾರೂ ಅಂದುಕೊಳ್ಳಬೇಡಿ.

ಇನ್ನೊಂದು ಸಂಗತಿ ಇದೆ, ಸೋತ ದುಡ್ಡಿಗಿಂತಲೂ ಇದಕ್ಕೆ ನಮಗೆ ಹೆಚ್ಚು ಭಯ. ಹೊರದೇಶದ ಆ್ಯಪಿಗೆ ನಮ್ಮ ಹುಡುಗ ಕಳಿಸಿದ ಹಣ ನೇರ ಹೊರದೇಶಕ್ಕೆ ಹೋಗುವುದಿಲ್ಲ. ಇಲ್ಲಿನ ಯಾರದೋ ಉಳಿತಾಯ ಖಾತೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಆ ಖಾತೆ ಯಾರದ್ದು? ಇನ್ನೊಬ್ಬ ತಾಯಿಯ ಮಗನದ್ದು. 'ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ 10 ಸಾವಿರ ಬಾಡಿಗೆ' ಎಂದು ಕೇಳುವವರು ಕಾಲೇಜು ಗೇಟಿನ ಹತ್ತಿರವೇ ಇದ್ದಾರೆ. ಆಡಿ ಸೋತವನಿಗೇ ಮೊದಲು ಕೇಳುತ್ತಾರೆ, ಸಾಲ ತೀರಿಸಬೇಕಲ್ಲ. ಆ ಖಾತೆಯಲ್ಲಿ ಜೂಜಿನ ಹಣದ ಜೊತೆಗೆ ಸೈಬರ್ ವಂಚನೆಯ ಹಣವೂ ಓಡಾಡುತ್ತದೆ. ಒಂದು ದಿನ ಯಾವುದೋ ರಾಜ್ಯದ ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯಲ್ಲಿ ಹೆಸರಿರುವವನನ್ನು. ಆಡಿದವನಿಗೆ ಹೊಸ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ ಎಂದೆವಲ್ಲ, ಖಾತೆ ಬಾಡಿಗೆಗೆ ಕೊಟ್ಟವನಿಗೆ ಆ ರಕ್ಷಣೆ ಇಲ್ಲ. ಒಂದು ಕೇಸ್ ಬಿದ್ದರೆ ಪಾಸ್‌ಪೋರ್ಟ್‌ಗೆ ಪೊಲೀಸ್ ವೆರಿಫಿಕೇಷನ್ ಕಷ್ಟ, ಗಲ್ಫ್ ಕನಸು ಅಲ್ಲಿಗೇ ನಿಂತಿತು. ಮುಸ್ಲಿಂ ಹೆಸರಿನ ಹುಡುಗನ ಖಾತೆಯಲ್ಲಿ ಎಲ್ಲಿಂದಲೋ ಬಂದ ಲಕ್ಷಗಳು ಕಂಡರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಮಕ್ಕಳ ಪಾಸ್‌ಬುಕ್ ಎಲ್ಲಿದೆ ಎಂದು ಇವತ್ತೇ ಕೇಳಿ.

ಸಿಕ್ಕಿಬಿದ್ದಾಗ ನಮ್ಮ ಮನೆಗಳಲ್ಲಿ ನಡೆಯುವುದು ಎರಡರಲ್ಲಿ ಒಂದು. ಬಾಪ ಹೊಡೆದು ಮನೆಯಿಂದ ಹೊರಗೆ ಹಾಕುತ್ತಾರೆ. ಇಲ್ಲವಾದರೆ ಉಮ್ಮ ಗುಟ್ಟಾಗಿ, ಗಲ್ಫ್‌ನಲ್ಲಿರುವ ತಮ್ಮನಿಗೆ ಫೋನ್ ಮಾಡಿ ದುಡ್ಡು ತರಿಸಿ ಸಾಲ ಪೂರ್ತಿ ತೀರಿಸಿ, "ಇನ್ನು ಮುಟ್ಟುವುದಿಲ್ಲ ಅಂತ ಕುರ್‌ಆನ್ ಮೇಲೆ ಕೈ ಇಡು" ಎನ್ನುತ್ತಾರೆ. ಅವನು ಇಡುತ್ತಾನೆ, ಆ ಕ್ಷಣಕ್ಕೆ ಅವನ ಮಾತು ನಿಜವೂ ಹೌದು. ಆದರೆ ಸಾಲ ತೀರಿದ ಖಾಲಿ ಖಾತೆ ಅವನಿಗೆ ಹೊಸ ಆಟದ ಮೈದಾನ. ಎರಡನೇ ಸಲ ಬಿದ್ದಾಗ ಆಣೆ ಮುರಿದ ಪಾಪವೂ ಸೇರಿ ಅವನು ಮಸೀದಿಗೆ ಬರುವುದನ್ನೇ ಬಿಡುತ್ತಾನೆ. ಕೆಲವರು ಅದಕ್ಕಿಂತ ಕೆಟ್ಟ ಯೋಚನೆಗೂ ಹೋಗುತ್ತಾರೆ. ರಾಜ್ಯದಲ್ಲಿ ಅಂಥ ಸುದ್ದಿ ನಾವು ಓದಿಲ್ಲವೇ? ಅಂಥ ಮಾತು ಹುಡುಗನ ಬಾಯಿಂದ ಬಂದರೆ ನಾಟಕ ಎನ್ನಬೇಡಿ, ರಾತ್ರಿ ಒಬ್ಬನನ್ನೇ ಬಿಡಬೇಡಿ. 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. 'ಮೆಂಟಲ್ ಡಾಕ್ಟರ ಹತ್ತಿರ ಹೋದರೆ ಹೆಣ್ಣು ಕೊಡುವುದಿಲ್ಲ' ಎನ್ನುವವರು, ಬಳೆ ಮಾರಿದವನಿಗೆ ಹೆಣ್ಣು ಕೊಡುತ್ತಾರಾ ಎಂದು ಯೋಚಿಸಲಿ.

ಪ್ರವಾದಿಯವರು (ಸ) ಕೋಪ ಬಂದವನಿಗೆ ನಿಂತಿದ್ದರೆ ಕೂರಲು, ಕೂತಿದ್ದರೆ ಮಲಗಲು, ವುಝೂ ಮಾಡಲು ಹೇಳಿದ್ದನ್ನು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಕೋಪಕ್ಕೂ ಕೈಗೂ ನಡುವೆ ಒಂದಿಷ್ಟು ಹೊತ್ತು ಹಾಕುವ ಉಪಾಯ ಅದು. ದುಡುಕಿನ ಎಲ್ಲ ಕೆಲಸಕ್ಕೂ ಅದೇ ಉಪಾಯ ಹೊಂದುತ್ತದೆ. ಈಗಿನ ವೈದ್ಯರು ಕೂಡ 'ಆಸೆ ಬಂದಾಗ ಇಪ್ಪತ್ತು ನಿಮಿಷ ತಳ್ಳು, ಜಾಗ ಬದಲಿಸು' ಎಂದೇ ಹೇಳುವುದು. ಬರಿ ಉಪದೇಶದಿಂದ ಆ ಹೊತ್ತು ಸಿಗುವುದಿಲ್ಲ, ಏರ್ಪಾಡು ಬೇಕು. ಜನ್ನಾಪುರದ ಆ ಮನೆಯಲ್ಲಿ ಹಾಗೇ ಮಾಡಿದೆವು. ಹುಡುಗ, ತಾಯಿ, ದೊಡ್ಡಪ್ಪ ಮತ್ತು ನಾವು ಒಟ್ಟಿಗೆ ಕೂತು ಎಲ್ಲ ಸಾಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆವು. ಮೊದಲು 60 ಸಾವಿರ ಅಂದ, ಬರೆದು ಮುಗಿದಾಗ 1 ಲಕ್ಷ 85 ಸಾವಿರ. ಮುಚ್ಚಿಡುವುದು ಈ ಚಟದ ಗುಣವೇ, ಅದಕ್ಕೆ ಬೈಯಲಿಲ್ಲ. ಸಂಬಳ ತಾಯಿಯ ಖಾತೆಗೆ ಬರುವ ಹಾಗಾಯಿತು. ಅವನ ಯುಪಿಐ ತೆಗೆಸಿದೆವು. ಸ್ಮಾರ್ಟ್‌ಫೋನ್ ದೊಡ್ಡಪ್ಪನ ಬೀರುವಿನಲ್ಲಿದೆ. ಸಾಲವನ್ನು ಯಾರೂ ಒಂದೇ ಸಲ ತೀರಿಸಬಾರದು, ಅವನ ಸಂಬಳದಿಂದಲೇ ತಿಂಗಳು ತಿಂಗಳು ಹೋಗಬೇಕು ಎಂದು ದೊಡ್ಡಪ್ಪ ಹಟ ಹಿಡಿದರು. ಆಗ ಅದು ನಿಷ್ಠುರ ಅನ್ನಿಸಿತ್ತು, ಈಗ ಅವರದ್ದೇ ಸರಿ ಅನ್ನಿಸುತ್ತಿದೆ. ಮೆಗ್ಗಾನ್‌ಗೆ ಎರಡು ಸಲ ಹೋಗಿ ಬಂದಿದ್ದಾನೆ.

ಇದಾದ ಮೇಲೆ ಒಂದು ಜುಮಾ ಮುಗಿದ ಬಳಿಕ ಹೆಸರು ಹೇಳದೆ ಈ ವಿಷಯ ಮಾತಾಡಿದೆವು. ಯಾರಿಗಾದರೂ ಇಂಥ ಕಷ್ಟ ಇದ್ದರೆ ಇಶಾ ಆದ ಮೇಲೆ ಮದ್ರಸದ ಕೋಣೆಗೆ ಬನ್ನಿ, ಕಮಿಟಿಗೆ ಹೇಳುವುದಿಲ್ಲ, ಪೊಲೀಸರಿಗೆ ಹೇಳುವುದಿಲ್ಲ ಎಂದೆವು. ಒಬ್ಬರೂ ಬರಲಿಕ್ಕಿಲ್ಲ ಅಂದುಕೊಂಡಿದ್ದೆವು. ಆ ವಾರ ಮೂವರು ಬಂದರು. ಅವರಲ್ಲಿ ಒಬ್ಬರಿಗೆ ನಲವತ್ತೆಂಟು ವರ್ಷ, ಎರಡು ಮಕ್ಕಳ ತಂದೆ. ಹುಡುಗರದ್ದು ಅಂತ ನಾವು ಬರೆಯುತ್ತಿರುವುದೂ ಪೂರ್ತಿ ಸರಿಯಲ್ಲ ಎಂದು ಅವತ್ತು ಗೊತ್ತಾಯಿತು.

ಟೂರ್ನಮೆಂಟಿನ ಶುಲ್ಕದ ವಿಷಯವನ್ನೂ ಯುವಕರ ಮುಂದೆ ಇಟ್ಟಿದ್ದೇವೆ. ಶುಲ್ಕ ಖರ್ಚಿಗೆ ಮಾತ್ರ, ಬಹುಮಾನ ಬೇರೆಯವರಿಂದ ಎಂದು ಮಾಡಲು ಕೆಲವರು ಒಪ್ಪಿದ್ದಾರೆ. "ಹಾಗಾದರೆ ಫಸ್ಟ್ ಪ್ರೈಜ್ 50 ಸಾವಿರ ಇಡಲಿಕ್ಕಾಗುವುದಿಲ್ಲ, ಹೊರಗಿನ ಟೀಮು ಬರುವುದಿಲ್ಲ" ಎಂದು ಇನ್ನು ಕೆಲವರದ್ದು ತಕರಾರು. ಮುಂದಿನ ಆದಿತ್ಯವಾರ ಮತ್ತೆ ಕೂರುವುದಿದೆ.

ಆ ಹುಡುಗ ಈಗ ಕೀಪ್ಯಾಡ್ ಫೋನ್ ಇಟ್ಟುಕೊಂಡಿದ್ದಾನೆ. ಮೊನ್ನೆ ಒಂದು ಬಳೆ ಬಿಡಿಸಿಕೊಂಡು ತಂದ. ತಾಯಿ ಅದನ್ನು ಕೈಗೆ ಹಾಕಿಕೊಂಡಿಲ್ಲ, ಉಳಿದ ಮೂರೂ ಬರಲಿ ಎಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ.